ಮಂಕಾಗಿ ಉರಿದ ಬಲ್ಬು

ಎಂಜಿನ್ನಿನ ವಿಷಯ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸ್ಪ್ಯಾನರ್ ಹಿಡಿದು ಬದುಕಿದ ಕೈ ನನ್ನದಲ್ಲ. ಕೇಳಿ ತಿಳಿದದ್ದು, ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡದ್ದು. ಆದರೂ ಎಲ್ಲಾದರೂ ತಪ್ಪಿದ್ದರೆ ಆ ತಪ್ಪು ನನ್ನದು. ಮೇಸ್ತ್ರಿಯದಲ್ಲ, ಅವರ ಸೊಸೆಯದಂತೂ ಅಲ್ಲವೇ ಅಲ್ಲ.

ಮೇಸ್ತ್ರಿಗೆ ಅರವತ್ತೇಳು ವರ್ಷ. ಕಾರು ಅವರ ರಿಪೇರಿ ಶೆಡ್ಡಿನೊಳಗೆ ಬರುವ ಮೊದಲೇ ಸದ್ದು ಕೇಳಿ ರೋಗ ಹೇಳುತ್ತಾರೆ ಎಂಬ ಹೆಸರಿತ್ತು. ಅವರ ಕೈ ದಾಟಿದ ಎಂಜಿನ್ನಿನಲ್ಲಿ ಒಂದು ವೈರೂ ಜೋತಾಡುವುದಿಲ್ಲ ಎಂಬ ಹೆಸರೂ ಇತ್ತು. ಕೆಲಸ ಮುಗಿದ ಮೇಲೆ ವೈರುಗಳನ್ನೆಲ್ಲ ಜಡೆಯಂತೆ ಒಟ್ಟು ಮಾಡಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿ, ಪಟ್ಟಿಯ ತುದಿಯನ್ನು ಓರೆಯಾಗಿ ಕತ್ತರಿಸಿದ ನಂತರವೇ ಅವರು ಬಾನೆಟ್ ಮುಚ್ಚುತ್ತಿದ್ದದ್ದು. ಆ ಓರೆ ತುದಿ ಅವರ ಸಹಿ ಇದ್ದಂತೆ.

ಅಂಥವರ ಮುಂದೆ ಆ ಬೆಳಿಗ್ಗೆ ನರ್ಸಮ್ಮನ ಸಣ್ಣ ಕಾರು ಮೂರನೇ ಸಲ ಬಂದು ನಿಂತಿತ್ತು.

ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು ನರ್ಸಮ್ಮನ ಕೆಲಸ. ಏರು ರಸ್ತೆ ಬಂದರೆ ಸಾಕು, ಕಾರಿಗೆ ಉಸಿರು ಕಟ್ಟುತ್ತಿತ್ತು, ಸ್ಟೀರಿಂಗ್ ಎದುರಿನ ಎಚ್ಚರಿಕೆಯ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ಹಿಂದಿನ ಎರಡು ಸಲವೂ ಮೇಸ್ತ್ರಿ ವಾಲ್ವ್ ಟೈಮಿಂಗ್‌ನ ಸೊಲೆನಾಯ್ಡ್ ಬದಲಾಯಿಸಿದ್ದರು. ಅದು ಹೆಬ್ಬೆರಳಿಗಿಂತ ತುಸು ದಪ್ಪನೆಯ ಒಂದು ತುಂಡು. ಕರೆಂಟು ಬಂದಾಗ ಎಣ್ಣೆಗೆ ದಾರಿ ಬಿಡುತ್ತದೆ. ಆ ಎಣ್ಣೆಯ ಒತ್ತಡದಿಂದ ಎಂಜಿನ್ನಿನ ವಾಲ್ವುಗಳು ವೇಗಕ್ಕೆ ತಕ್ಕಂತೆ ತುಸು ಮೊದಲೋ ತುಸು ತಡವಾಗಿಯೋ ತೆರೆಯುತ್ತವೆ. ಎರಡನೇ ಸಲ ಕೀ ವಾಪಸು ಪಡೆಯುವಾಗ ನರ್ಸಮ್ಮ, "ಮತ್ತೆ ಬರಲ್ಲ ತಾನೇ?" ಎಂದು ಕೇಳಿದ್ದರು. ಮೇಸ್ತ್ರಿ ಎದೆಯುಬ್ಬಿಸಿ, "ಮೂರನೇ ಸಲ ಬಂದ್ರೆ ಶೆಡ್ಡಿಗೆ ಬೀಗ ಹಾಕಿ ಮನೇಲಿ ಕೂತ್ಕೋತೀನಿ, ಸಿಸ್ಟರ್" ಎಂದುಬಿಟ್ಟಿದ್ದರು.

ಈಗ ಬಂದಿತ್ತು. ನರ್ಸಮ್ಮ ಆ ಮಾತನ್ನು ನೆನಪಿಸದೆ, ಮಧ್ಯಾಹ್ನ ಬರುತ್ತೇನೆಂದು ಹೇಳಿ ಚೀಲ ಹೆಗಲಿಗೇರಿಸಿ ನಡೆದೇ ಹೊರಟರು. ಬೈದಿದ್ದರೆ ಮೇಸ್ತ್ರಿಗೆ ಹಗುರವಾಗುತ್ತಿತ್ತು.

"ಎಂಜಿನ್ ಬಿಚ್ಚಬೇಕು," ಎಂದರು ಮೇಸ್ತ್ರಿ, ಯಾರನ್ನೂ ನೋಡದೆ. "ಒಳಗಡೆ ವಾಲ್ವ್ ಆಡಿಸೋ ಚೈನೇ ಹೋಗಿದೆ. ಇದೇ ಕೊನೇ ಕೆಲಸ ನಂದು. ಆಮೇಲೆ ಬೀಗ."

ಸೊಸೆ ಬೆಂಚಿನ ಹತ್ತಿರ ಸ್ಟಾರ್ಟರ್ ಮೋಟರ್ ಒರೆಸುತ್ತಿದ್ದಳು. ಮದುವೆಗೆ ಮೊದಲು ಲಿಫ್ಟ್ ರಿಪೇರಿಯವರ ಬಳಿ ಕೆಲಸಕ್ಕಿದ್ದವಳು, ವಿದ್ಯುತ್ತಿನ ಪಾಠ ಸಂಜೆ ತರಗತಿಯಲ್ಲಿ ಕಲಿತವಳು. ಮಾತು ಕಡಿಮೆ.

"ಮಾವ, ಬಿಚ್ಚೋಕೆ ಮುಂಚೆ ಒಂದು ಗಂಟೆ ನನಗೆ ಕೊಡ್ತೀರಾ?"

"ಏನು ಮಾಡ್ತೀಯಮ್ಮ? ಮೀಟರ್ ಇಟ್ಟು ನಾನೇ ನೋಡಿದೀನಿ. ಹನ್ನೆರಡು ವೋಲ್ಟ್ ಪೂರ್ತಿ ಬರ್ತಿದೆ. ಸೊಲೆನಾಯ್ಡ್ ಹೊಸದು. ಇನ್ನೇನುಳೀತು?"

"ನನಗೂ ಗೊತ್ತಿಲ್ಲ ಮಾವ. ಆದ್ರೆ ಕಾರಿನ ಕಂಪ್ಯೂಟರ್ ಕೊಟ್ಟ ದೂರು ನೋಡಿ. ವಾಲ್ವ್ ತಡ ಆಯ್ತು ಅಂತ ಹೇಳ್ತಿಲ್ಲ. ಸರ್ಕ್ಯೂಟ್ ಸರಿ ಇಲ್ಲ ಅಂತಿದೆ. ಕೆಲಸದವನು ಸೋಮಾರಿ ಅಂತಲ್ಲ ದೂರು, ಕರೆದ ಕೂಗೇ ಅವನಿಗೆ ಮುಟ್ಟುತ್ತಿಲ್ಲ ಅಂತ."

ಮೇಸ್ತ್ರಿಗೆ ಸಿಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಾನೂ ಈಗ ಎಂಜಿನ್ನೇ ಡೊಂಕು ಎನ್ನುತ್ತಿದ್ದೇನೆಯೇ ಎಂಬ ಅನುಮಾನ ಮೂಡಿ ಸಿಟ್ಟು ಇನ್ನೂ ಹೆಚ್ಚಿತು. ಆದರೂ ಸ್ಟೂಲ್ ಎಳೆದುಕೊಂಡು ಕೂತರು.

ಸೊಸೆ ಸೊಲೆನಾಯ್ಡಿನ ಕನೆಕ್ಟರ್ ಬಿಚ್ಚಿದಳು. ಡಬ್ಬದಿಂದ ಒಂದು ಹಳೆಯ ಇಂಡಿಕೇಟರ್ ಬಲ್ಬು ತೆಗೆದು, ಎರಡು ವೈರು ಸಿಕ್ಕಿಸಿ, ಮೊದಲು ನೇರ ಬ್ಯಾಟರಿಗೆ ಹಿಡಿದಳು. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು. ಆಮೇಲೆ ಕಾರಿನ ಕೀ ತಿರುಗಿಸಿ, ಒಂದು ವೈರನ್ನು ಕನೆಕ್ಟರಿಗೆ ಕರೆಂಟು ತರುವ ತಂತಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದಳು. ಬಲ್ಬು ಬೂದಿಯೊಳಗಿನ ಕೆಂಡದಂತೆ ಮಂಕಾಗಿ ಕೆಂಪಗಾಯಿತು, ಅಷ್ಟೇ.

ಮೇಸ್ತ್ರಿ ಎದ್ದು ನಿಂತರು. "ಮೀಟರ್ ಹನ್ನೆರಡು ತೋರಿಸ್ತಲ್ಲ!"

"ಮೀಟರ್ ಬರೀ ಇಣುಕಿ ನೋಡುತ್ತೆ ಮಾವ, ಏನೂ ಎಳ್ಕೊಳ್ಳಲ್ಲ. ದಾರಿ ಕೂದಲೆಳೆಯಷ್ಟಿದ್ರೂ ಹನ್ನೆರಡು ಅಂತ್ಲೇ ಹೇಳುತ್ತೆ. ಬಲ್ಬಿಗೆ ಹೊಟ್ಟೆ ತುಂಬ ಬೇಕು. ಕೊಟ್ಟರೆ ಉರಿಯುತ್ತೆ, ಇಲ್ಲಾಂದ್ರೆ ಮುಖ ಸಪ್ಪಗೆ ಮಾಡುತ್ತೆ."

ನಲವತ್ತು ವರ್ಷದಲ್ಲಿ ಇದನ್ನು ತನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲವಲ್ಲ ಎಂದು ಮೇಸ್ತ್ರಿಗೆ ಅನಿಸಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಖುಷಿಯಾಯಿತು.

ಬಲ್ಬನ್ನು ಅವರ ಕೈಗಿತ್ತು ಸೊಸೆ ವೈರುಗಳ ಕಟ್ಟನ್ನು ಗೇಣುಗೇಣಾಗಿ ತಡವುತ್ತ ಹೋದಳು. ಎಳೆಯಲಿಲ್ಲ, ಕತ್ತರಿಸಲಿಲ್ಲ, ಅವಸರ ಮಾಡಲಿಲ್ಲ. ಮಲಗಿದ ಮಗುವಿನ ಕೈಕಾಲು ಮುಟ್ಟಿ ನೋವೆಲ್ಲಿ ಎಂದು ಹುಡುಕುವವರ ಹಾಗೆ ಒಂದೊಂದು ಗೇಣಿಗೂ ಕೇಳುತ್ತಿದ್ದಳು: "ಏನಾಯ್ತು?"

"ಹಾಗೇ ಇದೆ."

"ಈಗ?"

"ಹಾಗೇ ಇದೆ."

ನಲವತ್ತು ನಿಮಿಷ ಕಳೆದಿರಬೇಕು. ತಾನಾಗಿದ್ದರೆ ಇಷ್ಟು ಹೊತ್ತಿಗೆ ಎರಡು ಬೈಗುಳ ಬೈದು ಮೂರು ಬೋಲ್ಟು ಬಿಚ್ಚಿರುತ್ತಿದ್ದೆ ಎಂದುಕೊಂಡರು ಮೇಸ್ತ್ರಿ. ಅವಳ ಬೆರಳುಗಳಿಂದ ಕಣ್ಣು ತೆಗೆಯಲು ಅವರಿಗಾಗಲಿಲ್ಲ.

"ಈಗ?"

ಬಲ್ಬು ಪಕ್ಕನೆ ಆರಿ, ಮತ್ತೆ ಕೆಂಪಗಾಯಿತು.

ಸೊಸೆಯ ಬೆರಳು ನಿಂತಲ್ಲೇ ನಿಂತಿತು. ಅವಳು ಮಾವನ ಮುಖ ನೋಡಲಿಲ್ಲ. "ಹಳೇ ವೈರು ಮಾವ. ವಯಸ್ಸಾಗಿದೆ. ನೀವು ಹೋಗಿ ಟೀ ಕುಡೀರಿ, ನಾನು ಒಂದು ತುಂಡು ಹಾಕಿ ಮುಚ್ಚಿಬಿಡ್ತೀನಿ."

"ಕೈ ತೆಗಿ."

"ಬೇಡ ಬಿಡಿ ಮಾವ..."

"ತೆಗಿಯಮ್ಮ, ನೋಡೋಣ."

ಅವಳ ಬೆರಳಿನ ಕೆಳಗೆ ಓರೆಯಾಗಿ ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿಯಿತ್ತು.

ಮೇಸ್ತ್ರಿ ತಾವೇ ಕಟರ್ ತಂದು ಪಟ್ಟಿ ಕತ್ತರಿಸಿದರು. ತಂತಿಯ ಮೇಲಿನ ಸಿಪ್ಪೆ ಸುಲಿದರು. ಒಳಗೆ ತಾಮ್ರದ ಎಳೆಗಳು ಹಸಿರುಗಟ್ಟಿ ತುಂಡಾಗಿದ್ದವು. ಒಂದೋ ಎರಡೋ ಹೇಗೋ ತಾಗಿಕೊಂಡಿದ್ದವು. ಏರಿನಲ್ಲಿ ಎಳೆಯುವಾಗ ಎಂಜಿನ್ ಒಂದು ಮಗ್ಗುಲಿಗೆ ವಾಲುತ್ತದೆ. ವಾಲಿದಾಗ ಜೊತೆಗೆ ಸರಿಯಲು ವೈರಿಗೆ ತುಸು ಸಡಿಲ ಬೇಕು. ಆ ಸಡಿಲವನ್ನೇ ಅವರು ಅಚ್ಚುಕಟ್ಟಿನ ಹೆಸರಿನಲ್ಲಿ ಬಿಗಿದುಬಿಟ್ಟಿದ್ದರು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದರು ಮೇಸ್ತ್ರಿ, ಸುಲಿದ ತಂತಿಯನ್ನು ಬೆರಳಲ್ಲಿ ಹಿಡಿದು. "ನಾನು ಹಾಸಿಗೇನೇ ಕತ್ತರಿಸಿ ವೈರನ್ನ ಮಲಗಿಸಿದೀನಿ ಕಣಮ್ಮ."

ಸೊಸೆ ತಲೆತಗ್ಗಿಸಿ ನಕ್ಕಳು. ಹೊಸ ತುಂಡನ್ನು ಸಡಿಲ ಬಿಟ್ಟು ಬೆಸುಗೆ ಹಾಕಿದಳು. ಬಲ್ಬು ಈಗ ಕಣ್ಣು ಕುಕ್ಕಿತು. ಕನೆಕ್ಟರ್ ಸಿಕ್ಕಿಸಿ ಇಬ್ಬರೂ ಕಾರನ್ನು ಊರ ಹಿಂದಿನ ಏರಿಗೆ ಮೂರು ಸಲ ಹತ್ತಿಸಿದರು. ಹಳದಿ ದೀಪ ಹೊತ್ತಲಿಲ್ಲ.

ಮಧ್ಯಾಹ್ನ ನರ್ಸಮ್ಮ ಬಂದಾಗ ಸೊಸೆ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿದರು: "ತಪ್ಪು ನಂದೇ ಸಿಸ್ಟರ್. ನಾನು ಕಟ್ಟಿದ ಕಟ್ಟಿಗೇ ವೈರು ಮುರಿದಿದೆ. ಹುಡುಕಿದ್ದು ಇವಳು. ನಾನು ಸ್ಟೂಲ್ ಮೇಲೆ ಕೂತು ಬಲ್ಬು ಹಿಡ್ಕೊಂಡಿದ್ದೆ."

"ಪಟ್ಟಿ ಬಿಗಿ ಮಾಡಿದ್ರೆ ಕೈ ನೀಲಿಗಟ್ಟುತ್ತೆ, ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ," ಎಂದರು ನರ್ಸಮ್ಮ. "ಸರಿ, ಬೀಗ ಎಲ್ಲಿ?"

ಮೇಸ್ತ್ರಿ ನಗಲಿಲ್ಲ. "ಆಡಿದ ಮಾತಿಗೆ ಹಾಕಬೇಕು. ಆದ್ರೆ ಹೀಗೆ ಕಟ್ಟಿದ ಕಾರುಗಳು ಊರಲ್ಲಿ ಎಷ್ಟಿವೆಯೋ. ನಾನು ಮನೇಲಿ ಕೂತ್ರೆ ಅವನ್ನೆಲ್ಲ ಬಿಚ್ಚೋರು ಯಾರು?"

"ಹಾಗಾದ್ರೆ ಬಿಚ್ಚಿ ಮುಗಿಸಿ, ಆಮೇಲೆ ನೋಡೋಣ," ಎಂದು ನರ್ಸಮ್ಮ ಕೀ ತೆಗೆದುಕೊಂಡರು.

ಮಾರನೆಯ ದಿನದಿಂದ ಮೇಸ್ತ್ರಿ ಹಳೆಯ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸತೊಡಗಿದರು. ಮೇಸ್ತ್ರಿ ಪಟ್ಟಿ ಕತ್ತರಿಸುವುದು, ಸೊಸೆ ಬಲ್ಬು ಹಿಡಿಯುವುದು. ಗೊತ್ತಾಗದಿದ್ದಾಗ ಎಲ್ಲರೆದುರೇ, "ನೀನು ಹೇಳಮ್ಮ" ಎನ್ನುತ್ತಾರೆ.

ಒಂದು ವಿಷಯ ಮಾತ್ರ ನನಗೂ ತಿಳಿದಿಲ್ಲ, ಅವರಿಗೂ ತಿಳಿದಿಲ್ಲ. ಮೊದಲ ಸಲ ಕಾರು ಬಂದಾಗ ಸೊಲೆನಾಯ್ಡ್ ನಿಜವಾಗಿ ಕೆಟ್ಟಿತ್ತೋ, ಅಥವಾ ಅದಕ್ಕೂ ಹಿಂದಿನ ಯಾವುದೋ ಸರ್ವೀಸಿನಲ್ಲಿ ಕಟ್ಟಿದ ಪಟ್ಟಿಯೇ ಆಗಲೂ ಕಾರಣವಾಗಿತ್ತೋ? ತೆಗೆದ ಸೊಲೆನಾಯ್ಡ್‌ಗಳೆರಡೂ ಗುಜರಿಗೆ ಹೋಗಿ ತಿಂಗಳುಗಳಾಗಿವೆ. ಅವು ಈಗೆಲ್ಲಿವೆಯೋ ಯಾರಿಗೂ ಗೊತ್ತಿಲ್ಲ.