ಬಿದ್ದ ದೊಡ್ಡಿಯ ಹಲಗೆಗಳು

ಸ್ವಾನಾ ಗೋದಲಿಯುದ್ದಕ್ಕೂ ಒಣಹುಲ್ಲು ಹರಡುತ್ತಾ ಬರುತ್ತಿದ್ದಳು. ಆಚೆ ತುದಿಯಿಂದ ಅಪ್ಪ ಥೋರಿರ್ ಹರಡುತ್ತಾ ಬರುತ್ತಿದ್ದ. ಅವಳು ಶಾಲೆ ಬಿಟ್ಟು ದೊಡ್ಡಿಯ ಕೆಲಸಕ್ಕೆ ನಿಂತ ಮೇಲೂ ಅವರಿಬ್ಬರ ನಡುವೆ ಮಾತು ಹೆಚ್ಚಿರಲಿಲ್ಲ. ಕುರಿಗಳು ಮೇಯುವ ಸದ್ದು ಮಾತ್ರ.

ಪಶುವೈದ್ಯ ಇಂಗ್ವರ್ ಬಂದು ಬಾಗಿಲಲ್ಲೇ ನಿಂತ.

"ಕಾಫಿ ವಾಸನೆ ಹಿಡಿದು ಬಂದೆಯೇನೋ? ಒಳಗೆ ಬಾ," ಅಂದ ಅಪ್ಪ.

"ನಿನ್ನ ಮಣ್ಣು ನನ್ನ ಬೂಟಿಗೆ ಹತ್ತಬಾರದು, ಥೋರಿರ್. ಗೋಡೆಗೆ ಮೈ ಉಜ್ಜಿ ಉಜ್ಜಿ ಸತ್ತಿತಲ್ಲ ಆ ಕುರಿ, ಅದರ ಮಿದುಳು ನೋಡಿದ್ರು. ತುರಿಕೆ ರೋಗವೇ."

ಅಪ್ಪ ಕವೆಗೋಲನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. "ಅದೊಂದೇ ತಾನೆ?"

"ಇಡೀ ಹಿಂಡು ಹೋಗ್ಬೇಕು."

ಸ್ವಾನಾಳ ಕೈಯಲ್ಲಿದ್ದ ಹುಲ್ಲು ಕೈಯಲ್ಲೇ ಉಳಿಯಿತು.

"ಔಷಧಿ ಹೊಡಿ. ನೆಲ ಎಲ್ಲಾ ಕುದಿನೀರಲ್ಲಿ ತೊಳೀತೀನಿ."

"ಕ್ರಿಮಿ ಆಗಿದ್ರೆ ಸಾಯ್ತಿತ್ತು. ಇದು ಮೈಯೊಳಗೇ ಇರೋ ಪ್ರೋಟೀನು, ಮಡಿಕೆ ತಪ್ಪಿರೋದು. ಪಕ್ಕದ್ದನ್ನೂ ತನ್ನ ಹಾಗೇ ತಪ್ಪಾಗಿ ಮಡಚುತ್ತೆ. ಪ್ರಿಯಾನ್ ಅಂತಾರೆ. ಜೀವಾನೇ ಇಲ್ಲ, ಕೊಲ್ಲೋದೇನನ್ನ? ಮಣ್ಣಲ್ಲಿ, ಮರದಲ್ಲಿ ವರ್ಷಗಟ್ಟಲೆ ಕೂತಿರುತ್ತೆ."

"ಹೊರಗಿಂದ ನಾನು ಒಂದು ಮರಿ ತಂದಿಲ್ಲ, ಒಂದು ಹೊರೆ ಹುಲ್ಲು ತಂದಿಲ್ಲ. ಎಲ್ಲಿಂದ ಬಂತು?"

"ಅದನ್ನೇ ನಾನೂ ಕೇಳ್ಬೇಕಾಗಿದೆ. ಕಾಗದಪತ್ರ ಕಾರಲ್ಲಿದೆ, ತರ್ತೀನಿ," ಎಂದು ಇಂಗ್ವರ್ ಹೊರಟ.

ಸ್ವಾನಾ ಗೋದಲಿಯನ್ನೇ ನೋಡುತ್ತಿದ್ದಳು. ಬಿಳಿ ಹಲಗೆಗಳ ನಡುವೆ ಕೆಲವು ಕಪ್ಪು ಹಲಗೆಗಳು. ಒಂದು ಕುರಿ ಅದರಲ್ಲೊಂದನ್ನು ನೆಕ್ಕುತ್ತಿತ್ತು.

ಐಸ್‌ಲೆಂಡಿನ ಆ ಕಣಿವೆಯಲ್ಲಿ ಹಲಗೆಗಾಗುವಂಥ ಮರ ಬೆಳೆಯುವುದಿಲ್ಲ. ಸಿಕ್ಕ ಹಲಗೆಯನ್ನು ಯಾರೂ ಬಿಡುವುದೂ ಇಲ್ಲ. ಕಣಿವೆಯ ತುದಿಯಲ್ಲೊಂದು ಪಾಳುಮನೆ. ಅಲ್ಲಿನ ಕುರಿಗಳನ್ನೆಲ್ಲ ಇದೇ ರೋಗಕ್ಕೆ ಗುಂಡಿಟ್ಟು ಕೊಂದದ್ದು ಅವಳು ಹುಟ್ಟುವ ಮೊದಲು. ಕೆಲವು ವರ್ಷದ ಹಿಂದೆ ಬಿರುಗಾಳಿಗೆ ಅಲ್ಲಿನ ದೊಡ್ಡಿ ಬಿತ್ತು. ಅಪ್ಪ ಮತ್ತು ಗುಡ್ಡದಾಚೆಯ ಬೆರ್ಸಿ ನಗುನಗುತ್ತಾ ಹಲಗೆಗಳನ್ನು ಟ್ರ್ಯಾಕ್ಟರಿಗೆ ತುಂಬಿದ್ದರು. "ಗಾಳಿ ಕೊಟ್ಟ ಉಡುಗೊರೆ ಕಣೋ, ಅರ್ಧ ನಂದು," ಅಂದಿದ್ದ ಬೆರ್ಸಿ. ಆ ಅರ್ಧದಲ್ಲಿ ಅವನು ಮರಿಗಳಿಗೆ ಗೂಡು ಕಟ್ಟಿದ್ದ. ಉಳಿದರ್ಧ ಈ ಗೋದಲಿಗೆ ಬಂದಿತ್ತು.

ಅವಳು ಗೋದಲಿಯ ಅಂಚು ಹಿಡಿದಳು. ಹಿಡಿದದ್ದು ಕಪ್ಪು ಹಲಗೆ ಎಂದು ತಿಳಿದು ಕೈ ಕಿತ್ತುಕೊಂಡಳು.

ಅಪ್ಪ ಅವಳನ್ನೇ ನೋಡುತ್ತಿದ್ದ. ಅವನಿಗೂ ಹೊಳೆದಿತ್ತು. ಹೇಳಬೇಡ ಅನ್ನುವಂತೆ ತುಸುವೇ ತಲೆಯಾಡಿಸಿದ.

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

"ಅಪ್ಪಾ," ಅಂದಳು ಸ್ವಾನಾ, "ಇಂಗ್ವರ್ ಹೇಳೋ ಮೊದಲು ಬೆರ್ಸಿಗೆ ನೀನೇ ಫೋನ್ ಮಾಡಿ ಹಲಗೆ ವಿಷಯ ಹೇಳು."