ಮುಟ್ಟದೆ ನೋಡಿದ ಕಣ್ಣು

ವೈದ್ಯಕೀಯ ಓದುತ್ತಿದ್ದ ಕನಿತ್ತಾ ಕಣ್ಣಿನ ವಿಭಾಗಕ್ಕೆ ಬಂದು ಇನ್ನೂ ವಾರವಾಗಿರಲಿಲ್ಲ. ಬೆಳಿಗ್ಗೆ ಅವಳೆದುರು ಬಂದು ಕೂತವರು ಗುಡ್ಡದ ವಿಹಾರದ ಹಿರಿಯ ಭಿಕ್ಷು. ನಾನ್ ಎಂಬ ಆ ಪಟ್ಟಣದವರೆಲ್ಲ ಅವರನ್ನು ತಂದೆಯೆಂಬಂತೆ ‘ಲುವಾಂಗ್ ಪೋ’ ಎಂದೇ ಕರೆಯುತ್ತಿದ್ದರು. ಬಲಗಣ್ಣು ಕೆಂಪಗಾಗಿತ್ತು. ನಸುಕಿನಲ್ಲಿ ದೀಪದ ಸುತ್ತ ಬಣ್ಣದ ಬಳೆ ಕಂಡಿತಂತೆ, ಆಮೇಲೆ ತಲೆ ಸಿಡಿಯತೊಡಗಿತಂತೆ.

ಕಣ್ಣಿನ ಒತ್ತಡ ಅಳೆಯುವ ಯಂತ್ರ ಹಳ್ಳಿ ಶಿಬಿರಕ್ಕೆ ಹೋಗಿತ್ತು. ಅಂಥ ಹೊತ್ತಲ್ಲಿ ರೆಪ್ಪೆಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಅದುಮಿ, ಕಣ್ಣು ಮೆತ್ತಗಿದೆಯೋ ಒತ್ತಡಕ್ಕೆ ಗಟ್ಟಿಯಾಗಿದೆಯೋ ನೋಡಬೇಕೆಂಬುದು ಕನಿತ್ತಾಗೆ ಗೊತ್ತಿತ್ತು. ಗೆಳತಿಯರ ಕಣ್ಣನ್ನು ಅದುಮಿ ಅದುಮಿ ಕಲಿತಿದ್ದಳು. ಕೈಮುಗಿದು ಕೇಳಿದರೆ ಯಾವ ಭಿಕ್ಷುವೂ ಬೇಡವೆನ್ನುವುದಿಲ್ಲ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಆದರೆ ಹೆಣ್ಣು ಭಿಕ್ಷುವನ್ನು ಮುಟ್ಟಬಾರದೆಂದು, ಚಿಕ್ಕಂದಿನಲ್ಲಿ ಭಿಕ್ಷುಗಳು ಬೀದಿಯಲ್ಲಿ ಬರುವಾಗೆಲ್ಲ ಅಮ್ಮ ಅವಳ ಲಂಗ ಹಿಡಿದು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳಲ್ಲ, ಆ ಎಳೆತ ಇನ್ನೂ ಮೈಯಲ್ಲಿತ್ತು. ಕೈ ಮುಂದೆ ಹೋಗಲಿಲ್ಲ.

ಮುಟ್ಟದೆ ಮಾಡಬಹುದಾದ್ದನ್ನೆಲ್ಲ ಮಾಡಿದಳು. ಒಂದು ಮೊಳ ದೂರದಿಂದ ಟಾರ್ಚನ್ನು ಬಲಕ್ಕೆ, ಎಡಕ್ಕೆ, ಮೇಲೆ, ಕೆಳಗೆ ಆಡಿಸಿ, ಕಣ್ಣನ್ನು ಹೊರಳಿಸುವ ಆರು ಸ್ನಾಯುಗಳ ಹೆಸರನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡಳು. ಒಂದರಲ್ಲೂ ದೋಷವಿರಲಿಲ್ಲ. ಎಷ್ಟು ಚೆನ್ನಾಗಿ ನೋಡಿದೆನೆಂದು ಒಳಗೊಳಗೇ ಹಿಗ್ಗಿದಳು ಕೂಡ.

ವಿದ್ಯಾರ್ಥಿಗಳು ‘ಆಚಾನ್’, ಅಂದರೆ ಗುರು, ಎನ್ನುತ್ತಿದ್ದ ವಿಭಾಗದ ಹಿರಿಯ ವೈದ್ಯೆ ವಿಲಾವನ್ ಶಸ್ತ್ರಚಿಕಿತ್ಸೆಯಲ್ಲಿದ್ದರು. ಕನಿತ್ತಾ ಬಾಗಿಲಲ್ಲೇ ನಿಂತು, ಬರೀ ಕಣ್ಣು ಬೇನೆ ಇರಬೇಕೆಂದಳು.

“ಅದುಮಿ ನೋಡಿದ್ಯಾ?” ಒಳಗಿಂದ ಆಚಾನ್ ಕೇಳಿದರು.

“ನೋಡ್ದೆ ಆಚಾನ್. ಮೆತ್ತಗಿದೆ.”

ಆ ಮಾತು ಎಷ್ಟು ಸಲೀಸಾಗಿ ಹೊರಬಿತ್ತೆಂದರೆ, ಹೇಳಿದವಳು ತಾನೇನಾ ಎಂದು ಅವಳಿಗೇ ಅನ್ನಿಸಿತು. ಹಾಗಾದರೆ ಕೂರಿಸಿರು, ಬರುತ್ತೇನೆ ಎಂದರು ಆಚಾನ್.

ಅವರು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಲುವಾಂಗ್ ಪೋ ತಟ್ಟೆಯಲ್ಲಿದ್ದುದನ್ನು ಮುಟ್ಟದೆ ಎರಡು ಸಲ ವಾಂತಿ ಮಾಡಿಕೊಂಡಿದ್ದರು. ಆಚಾನ್ ಟಾರ್ಚು ಹಿಡಿದರು. ಬೆಳಕಿಗೆ ಕಿರಿದಾಗಬೇಕಾದ ಪಾಪೆ ಅಗಲವಾಗಿಯೇ ನಿಂತಿತ್ತು. ಅದೇ ಟಾರ್ಚು, ಅದೇ ಕಣ್ಣು. ಕನಿತ್ತಾ ನೋಡಿದ್ದು ಹೊರಳಾಟವನ್ನು ಮಾತ್ರ. ಆಚಾನ್ ಕೈಮುಗಿದು ಅಪ್ಪಣೆ ಕೇಳಿ ರೆಪ್ಪೆಯ ಮೇಲೆ ಬೆರಳಿಟ್ಟರು, ಇಟ್ಟೊಡನೆ ತೆಗೆದರು. ಕಣ್ಣೊಳಗಿನ ನೀರು ಹರಿದುಹೋಗುವ ಸಂದಿ ಮುಚ್ಚಿದೆ, ಗ್ಲೊಕೋಮಾ ಎಂದು ನರ್ಸಿಗೆ ಸೂಜಿಮದ್ದು ತರಲು ಹೇಳಿದರು.

“ಗೋಲಿ ಇದ್ದಂಗಿದೆ,” ಎಂದು ಕನಿತ್ತಾಳತ್ತ ತಿರುಗಿದರು. “ಬೆಳಿಗ್ಗೆ ಮೆತ್ತಗಿತ್ತಾ?”

ಉತ್ತರಕ್ಕೆ ಕಾಯದೆ ಆಚಾನ್ ಭಿಕ್ಷುವನ್ನೇ ಕೇಳಿದರು, ಈ ಹುಡುಗಿ ಅದುಮಿ ನೋಡಿದಳೇ ಎಂದು.

ಲುವಾಂಗ್ ಪೋ ನೋಯದ ಕಣ್ಣನ್ನು ತೆರೆದು ಕನಿತ್ತಾಳನ್ನು ನೋಡಿದರು. ಹೂಂ ಅಂದುಬಿಡಲಿ ಎಂದು ಅವಳ ಜೀವ ಹಂಬಲಿಸಿತು. ಮರುಕ್ಷಣ ತಾನು ಹಂಬಲಿಸುತ್ತಿರುವುದೇನೆಂದು ಹೊಳೆಯಿತು. ತಾನು ಮುಟ್ಟಿದರೆ ಈ ಮನುಷ್ಯನಿಗೆ ಮೈಲಿಗೆ ಎಂದು ಹೆದರಿದವಳು, ಇವರ ಬಾಯಲ್ಲಿ ತನ್ನ ಸುಳ್ಳು ಹೇಳಿಸಲು ಕಾದು ನಿಂತಿದ್ದಳು.

“ಮುಟ್ಟೇ ಇಲ್ಲ ಆಚಾನ್,” ಎಂದಳು. “ಸುಳ್ಳು ಹೇಳ್ದೆ.”

“ಅಷ್ಟು ದೂರ ನಿಂತಿದ್ಲು,” ಲುವಾಂಗ್ ಪೋ ನೋವಿನಲ್ಲೂ ನಕ್ಕರು. “ನಂಗೇನೋ ಅಂಟುರೋಗ ಇರ್ಬೇಕು ಅಂದ್ಕೊಂಡೆ, ತಾಯಿ.”

ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಚಾನ್ ಬೈಯಲೂ ಇಲ್ಲ. ಅಪ್ಪಣೆ ಕೇಳಿ ಎರಡೂ ಕಣ್ಣು ಮುಟ್ಟಿ ನೋಡೆಂದರು. ಕನಿತ್ತಾ ಕೈಮುಗಿದು ಕೇಳಿದಳು. ಎಡಗಣ್ಣು ಬೆರಳಿಗೆ ಮೆತ್ತಗೆ ಬಗ್ಗಿತು. ಬಲಗಣ್ಣು ಬಗ್ಗಲಿಲ್ಲ. ಮುದಿ ರೆಪ್ಪೆ ಎಷ್ಟು ತೆಳ್ಳಗಿತ್ತು, ಎಷ್ಟು ಬಿಸಿಯಾಗಿತ್ತು.

ಸಂಜೆಗೆ ಒತ್ತಡ ಇಳಿಯಿತು, ತಲೆನೋವೂ ಇಳಿಯಿತು. ದೃಷ್ಟಿ ಪರೀಕ್ಷಿಸುವ ಕೆಲಸ ಅವಳ ಪಾಲಿಗೇ ಬಂತು. ಎಡಗಣ್ಣು ಮುಚ್ಚಿಸಿ, ಹತ್ತಿರ ಕೂತು, ಬೆರಳುಗಳನ್ನು ಎತ್ತಿ ಹಿಡಿದಳು.

“ಎಷ್ಟಿವೆ, ಲುವಾಂಗ್ ಪೋ?”

ಅವರು ಬಹಳ ಹೊತ್ತು ನೋಡಿದರು. “ಕೈ ಇದೆ ಅಂತ ಗೊತ್ತಾಗುತ್ತೆ, ತಾಯಿ. ಬೆರಳು ಬಿಡಿಬಿಡಿಯಾಗಿ ಕಾಣಲ್ಲ.”

ಅಷ್ಟು ಹೊತ್ತು ಒತ್ತಡ ತಿಂದ ಕಣ್ಣು, ನೋಟ ಇನ್ನಷ್ಟು ತಿಳಿಯಾಗಬಹುದು, ಆಗದೆಯೂ ಇರಬಹುದು ಎಂದಿದ್ದರು ಆಚಾನ್. ಕನಿತ್ತಾ ಕೈಯನ್ನು ಇನ್ನೂ ಹತ್ತಿರ ತಂದಳು, ಅವರ ಉಸಿರು ಅಂಗೈಗೆ ತಾಗುವವರೆಗೆ, ಮತ್ತೆ ಕೇಳಿದಳು.