ನೀರುಗಂಟಿ ಬೆಟ್ಟಯ್ಯ ಕೊಯ್ದ ಪೈಪು

ಹೊಂಗೆಕೊಪ್ಪಲಿನ ಕೆಳಗಿನ ಬೀದಿಯಲ್ಲಿ ಆ ವರ್ಷ ಒಬ್ಬರಾದ ಮೇಲೊಬ್ಬರ ಕಣ್ಣು ಹಳದಿಯಾಯಿತು. ಉಮ್ಮತ್ತೂರಿನ ಆಚೆ, ಬಸ್ಸಿಳಿದು ಒಂದು ಮೈಲಿ ನಡೆದರೆ ಸಿಗುವ ಸಣ್ಣ ಊರು ಅದು. ಮೊದಲು ಇಬ್ಬರು ಮಕ್ಕಳಿಗೆ, ಆಮೇಲೆ ಒಬ್ಬ ಮುದುಕನಿಗೆ, ಕೊನೆಗೆ ಏಳು ತಿಂಗಳ ಬಸುರಿ ಚಾಮುಂಡಿಗೆ ಕಾಮಾಲೆ ಬಂತು. ಮಿಕ್ಕವರು ಚೇತರಿಸಿಕೊಂಡರು. ಚಾಮುಂಡಿಯನ್ನು ಗಂಡ ರಂಗನಾಯಕ ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದ. ಹನ್ನೊಂದು ದಿನದ ಮೇಲೆ ಅವಳು ಬದುಕಿ ಬಂದಳು. ಮಗು ಉಳಿಯಲಿಲ್ಲ.

ಊರಿನ ನೀರುಗಂಟಿ ಬೆಟ್ಟಯ್ಯ ಅವಳನ್ನು ನೋಡಲು ಹೋಗಿ, ಬಾಗಿಲಲ್ಲೇ ನಿಂತು ವಾಪಸು ಬಂದ. ಇಪ್ಪತ್ತೆರಡು ವರ್ಷದಿಂದ ಆ ಊರಿಗೆ ನೀರು ಬಿಡುತ್ತಿದ್ದವನು ಅವನೇ. ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ಟ್ಯಾಂಕಿನ ವಾಲ್ ತಿರುಗಿಸುತ್ತಿದ್ದ, ಏಳೂವರೆಗೆ ನಿಲ್ಲಿಸುತ್ತಿದ್ದ. ಮೇಲಿನ ಬೀದಿಯಲ್ಲಿ ನಲ್ಲಿ ಭೋರೆಂದು ಸುರಿಯುತ್ತಿತ್ತು. ಕೆಳಗಿನ ಬೀದಿಯಲ್ಲಿ ಒಂದು ಕೊಡ ತುಂಬಲು ಕಾಲು ಗಂಟೆ ಬೇಕಾಗುತ್ತಿತ್ತು.

ರಂಗನಾಯಕ ಒಂದು ದಿನ ಅವನನ್ನು ದಾರಿಯಲ್ಲೇ ತಡೆದ.

"ವಾಲ್ ನಿನ್ ಕೈಲಿ ಅದೆ ಬೆಟ್ಟಣ್ಣ. ಮೇಲ್ಗಡೆಯವ್ರಿಗೆ ಪೂರಾ ಬುಟ್ಟು, ನಮ್ಗೆ ತೊಟ್ಟಿಕ್ಕುಸ್ತಿದ್ದೀಯ. ಬರೋ ನೀರೂ ಗಬ್ಬು ವಾಸ್ನೆ."

"ನಮ್ಮಪ್ಪನಾಣೆ ಇಲ್ಲ ಕಣ್ಲಾ. ಪೂರಾ ತಿರುಗುಸ್ತೀನಿ. ನೀರು ಎಲ್ಲಿಗೋಯ್ತದೆ ಅಂತ ನಂಗೂ ಗೊತ್ತಿಲ್ಲ. ಅಗ್ದು, ಪೈಪ್ ಕುಯ್ದು ನೋಡ್ತೀನಿ ಬುಡು."

ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ನೀರು ಬರದಿದ್ದರೆ ನೆಲ ಅಗೆಯುವುದು, ಪೈಪಿನ ಮೇಲೆ ಅಂಗೈಯಗಲ ಕೊಯ್ಯುವುದು, ಒಳಗೆ ನೀರಿದೆಯೋ ಇಲ್ಲವೋ ನೋಡುವುದು, ಆಮೇಲೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದು ಮಣ್ಣು ಮುಚ್ಚುವುದು.

ಆದರೆ ಆ ಸಲ ಕೊಯ್ಯುವ ಪ್ರಮೇಯ ಬರಲಿಲ್ಲ. ಪಂಚಾಯ್ತಿಯವರು ಬರೆದ ಕಾಗದ ನೋಡಿ ಚಾಮರಾಜನಗರದಿಂದ ಸ್ವರ್ಣಲತಾ ಎಂಬ ಇಂಜಿನಿಯರ್ ಬಂದರು. ಹೆಗಲಲ್ಲಿ ಒಂದು ಚೀಲ, ಅದರಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರ, ಅದಕ್ಕೆ ವೈರಿನಲ್ಲಿ ಸೇರಿಸಿದ ಎರಡು ಸಣ್ಣ ಬಿಲ್ಲೆ. ಬೀದಿಯ ಜನ ಸುತ್ತ ನಿಂತರು. ಚಾಮುಂಡಿಯೂ ಸೆರಗು ಹೊದ್ದು ಬಂದು ನಿಂತಳು.

"ಎಲ್ಲಿ ಕುಯ್ಯಬೇಕು ಏಳಿ ಮೇಡಂ," ಎಂದ ಬೆಟ್ಟಯ್ಯ, ಕೈಯಲ್ಲಿ ಗರಗಸ ಹಿಡಿದು.

"ಅದನ್ನು ಒಳಗಿಡಿ ಬೆಟ್ಟಯ್ಯನವರೇ. ಪೈಪು ಕಾಣುವಷ್ಟು ಮಣ್ಣು ತೆಗೆದರೆ ಸಾಕು."

"ಕುಯ್ದು ಕಣ್ಣಲ್ಲಿ ನೋಡ್ದಲೆ, ಒಳ್ಗಡೆ ನೀರು ಎಷ್ಟದೆ ಅಂತ ಎಂಗವ್ವ ಗೊತ್ತಾದದು?"

ಸ್ವರ್ಣಲತಾ ಪೈಪನ್ನು ಬಟ್ಟೆಯಿಂದ ಒರೆಸಿದರು. ಬಿಲ್ಲೆಗಳಿಗೆ ಅಂಟು ಜೆಲ್ಲಿ ಹಚ್ಚಿ ಪೈಪಿನ ಹೊರಗಡೆಯೇ ಪಟ್ಟಿಯಿಂದ ಕಟ್ಟಿದರು.

"ಇವು ಶಬ್ದ ಕಳಿಸುತ್ತವೆ. ನಮ್ಮ ಕಿವಿಗೆ ಕೇಳಿಸದಷ್ಟು ಕೀಚಲು ಶಬ್ದ. ಅದು ಪೈಪಿನ ಗೋಡೆ ದಾಟಿ, ನೀರೊಳಗೆ ಹಾದು, ಇನ್ನೊಂದು ಬಿಲ್ಲೆಗೆ ಮುಟ್ಟುತ್ತೆ. ನೀವು ಕಾಲುವೆಯಲ್ಲಿ ಈಜಿದ್ದೀರಾ?"

"ಈಜ್ದಲೆ ಏನು. ನೀರಿನ ಜೊತ್ಗೆ ಓದ್ರೆ ಸಲೀಸು. ಎದುರ್ಗೆ ಓದ್ರೆ ತೋಳು ಬಿದ್ದೋಯ್ತದೆ."

"ಶಬ್ದಕ್ಕೂ ಹಾಗೇ. ಹರಿವಿನ ಜೊತೆ ಹೋದದ್ದು ಬೇಗ ಮುಟ್ಟುತ್ತೆ, ಎದುರು ಹೋದದ್ದು ತಡವಾಗುತ್ತೆ. ಎಷ್ಟು ತಡವಾಯಿತು ಅಂತ ನೋಡಿ, ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತೆ ಅಂತ ಯಂತ್ರ ಹೇಳುತ್ತೆ. ಪೈಪಿಗೆ ಒಂದು ಗೀರೂ ಬೀಳಲ್ಲ."

ಚಾಮುಂಡಿ ಆ ಜೆಲ್ಲಿಯನ್ನೇ ನೋಡುತ್ತಿದ್ದಳು.

"ಆಸ್ಪತ್ರೇಲಿ ನನ್ ಒಟ್ಟೆ ಮ್ಯಾಲೂ ಇಂಥದ್ನೇ ಅಚ್ಚಿದ್ರು ಕಣಕ್ಕ," ಎಂದಳು ಮೆಲ್ಲಗೆ. "ಅದೂ ಶಬ್ದವಾ?"

ಸ್ವರ್ಣಲತಾಗೆ ಮಗು ಹೋದ ವಿಷಯ ಗೊತ್ತಿರಲಿಲ್ಲ. ಸುತ್ತಲಿನ ಮುಖಗಳನ್ನು ನೋಡಿ ಅರ್ಥವಾಯಿತು. "ಹೌದಮ್ಮ, ಅದೂ ಇಂಥದ್ದೇ ಶಬ್ದ," ಎಂದು ಮಾತ್ರ ಹೇಳಿದರು.

ಮೇಲಿನ ಬೀದಿಯ ವಾಲ್ ಮುಚ್ಚಿಸಿ, ಕೆಳಗಿನ ಬೀದಿಗೆ ಮಾತ್ರ ನೀರು ಬಿಡಿಸಿದರು. ಟ್ಯಾಂಕಿನ ಬುಡದಲ್ಲಿ ಅಳೆದಾಗ ನಿಮಿಷಕ್ಕೆ ನೂರ ಎಂಬತ್ತು ಲೀಟರ್.

"ವಾಲ್ ಪೂರ್ತಿ ತೆರೆದಿದೆ. ಇಲ್ಲಿಂದ ನೀರು ಸರಿಯಾಗೇ ಹೋಗುತ್ತಿದೆ," ಎಂದರು ಸ್ವರ್ಣಲತಾ. ರಂಗನಾಯಕ ತಲೆ ತಗ್ಗಿಸಿದ. ಬೆಟ್ಟಯ್ಯನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಶಾಲೆಯ ಮೂಲೆಯಲ್ಲಿ ನೂರ ಎಪ್ಪತ್ತೆಂಟು. ಅಲ್ಲಿಂದ ಚರಂಡಿ ದಾಟಿದರೆ ಕೆಳಗಿನ ಬೀದಿ. ಬೀದಿಯ ಬಾಯಲ್ಲಿ ತೊಂಬತ್ತೈದು. ನಡುವೆ ಒಂದು ನಲ್ಲಿಯೂ ಇಲ್ಲ, ಎಂಬತ್ತಮೂರು ಲೀಟರ್ ಮಾಯ. ನೆಲದ ಮೇಲೆ ತೇವದ ಗುರುತೂ ಕಾಣದು.

"ಇನ್ನೊಂದು ವಿಷಯ," ಎಂದರು ಸ್ವರ್ಣಲತಾ. "ನೀರು ನಿಲ್ಲಿಸಿ ಮತ್ತೆ ಬಿಟ್ಟಾಗ ಮೊದಲ ಹತ್ತು ನಿಮಿಷ ಇಲ್ಲಿ ಶಬ್ದ ಸರಿಯಾಗಿ ದಾಟಲೇ ಇಲ್ಲ, ಕಡಿದು ಕಡಿದು ಬಂತು. ಗಾಳಿಗುಳ್ಳೆಯೋ ಕೊಳೆಯೋ ಬೆರೆತಿದ್ದರೆ ಹಾಗಾಗುತ್ತೆ. ರೋಗಾಣು ಈ ಯಂತ್ರಕ್ಕೆ ಕಾಣಲ್ಲ, ಅದಕ್ಕೆ ನೀರನ್ನು ಲ್ಯಾಬಿಗೆ ಕಳಿಸಬೇಕು. ಆದರೆ ನನಗೆ ಅನ್ನಿಸೋದು ಇದು: ಚರಂಡಿಯ ಅಡಿಯಲ್ಲಿ ಪೈಪು ಬಾಯಿ ಬಿಟ್ಟಿದೆ. ನೀರು ಬಿಟ್ಟಾಗ ಚರಂಡಿಗೆ ಸೋರುತ್ತೆ. ನಿಲ್ಲಿಸಿದಾಗ ಪೈಪು ಖಾಲಿಯಾಗಿ ಚರಂಡಿ ನೀರನ್ನೇ ಒಳಗೆ ಎಳೆದುಕೊಳ್ಳುತ್ತೆ. ಮುಂದಿನ ಸಲ ಮೊದಲು ಬರೋದು ಅದೇ."

"ಮೊದಲ ಕೊಡ ನಾನೇ ಇಡೀತಿದ್ದೆ," ಎಂದಳು ಚಾಮುಂಡಿ. "ಅರಿಸಿನ ಕೀಳಕ್ಕೆ ಓಗ್ಬೇಕಾಗಿತ್ತು. ಒತ್ತಾಯ್ತದೆ ಅಂತ."

ಊಟ ಮುಗಿಸಿ ಅಗೆಯೋಣವೆಂದು ಎಲ್ಲರೂ ಚದುರಿದರು. ಬೆಟ್ಟಯ್ಯ ಮನೆಗೆ ಬಂದು ಮುದ್ದೆಯ ಮುಂದೆ ಕೂತ. ಕೈ ತಟ್ಟೆಗೆ ಹೋಗಲಿಲ್ಲ.

"ಯಾಕ್ ಉಣ್ಣುಲ್ಲ?" ಎಂದಳು ಹೆಂಡತಿ ಸಣ್ಣತಾಯಮ್ಮ.

"ಆ ಚರಂಡಿ ತಾವ ನಾಕು ವರ್ಷದ್ ಇಂದೆ ನಾನೇ ಕುಯ್ದಿದ್ದೆ ಕಣಮ್ಮಿ. ಟ್ಯೂಬ್ ಸುತ್ಬುಟ್ಟು ಬಂದಿದ್ದೆ. ಆಗ ಅಲ್ಲಿ ಚರಂಡಿ ಇರ್ನಿಲ್ಲ. ಆಮ್ಯಾಕೆ ಅದ್ರ ಮ್ಯಾಲೇ ಚರಂಡಿ ಎಳುದ್ರು. ನಂಗೆ ಗ್ಯಾನವೇ ಬರ್ನಿಲ್ಲ."

ಸಣ್ಣತಾಯಮ್ಮ ಅಲ್ಲೇ ಕುಸಿದು ಕೂತಳು. ಆಮೇಲೆ ಹೇಳಿದಳು: "ಅಗ್ದ್ ಮ್ಯಾಲೆ ಅವ್ರೇ ನೋಡ್ತರೆ. ಅದ್ಕಿಂತ ಮುಂಚ್ಲೇ ನಿನ್ ಬಾಯಲ್ಲಿ ನೀನೇ ಏಳ್ಬುಡು."

ಚರಂಡಿಯ ಹತ್ತಿರ ಅಗೆಯಲು ಸನಿಕೆ ಹಿಡಿದು ನಿಂತಿದ್ದ ರಂಗನಾಯಕನ ಮುಂದೆ ಬೆಟ್ಟಯ್ಯ ಹೋಗಿ ನಿಂತ. "ಅಗೀಬ್ಯಾಡ, ತಡಿ. ಇಲ್ಲೇನದೆ ಅಂತ ನಾನು ಏಳ್ತೀನಿ," ಎಂದು ಎಲ್ಲರೆದುರು ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ರಂಗನಾಯಕ ಸನಿಕೆ ಎತ್ತಿ ನೆಲಕ್ಕೆ ಬಡಿದ. ಹೊಡೆದೇಬಿಡುತ್ತಾನೆ ಎಂದುಕೊಂಡರು ಜನ.

ಚಾಮುಂಡಿ ಗಂಡನ ತೋಳು ಹಿಡಿದಳು. ಬೆಟ್ಟಯ್ಯನ ಮುಖ ನೋಡಿ ಕೇಳಿದಳು:

"ಇನ್ನೂ ಎಷ್ಟು ಕಡೆ ಕುಯ್ದಿದ್ದೀಯಣ್ಣ?"

ಬೈಗುಳಕ್ಕೆ, ಹೊಡೆತಕ್ಕೆ ಬೆಟ್ಟಯ್ಯ ತಯಾರಾಗಿದ್ದ. ಆ ಪ್ರಶ್ನೆಗೆ ತಯಾರಿರಲಿಲ್ಲ. ಕಣ್ಣಲ್ಲಿ ನೀರು ಬಂತು. "ತೋರುಸ್ತೀನಿ ಬಾರವ್ವ," ಎಂದ.

ಅಂದು ಸಂಜೆಯೊಳಗೆ ಇಡೀ ಊರು ಸುತ್ತಿ, ನೆನಪು ಮಾಡಿಕೊಂಡು, ಒಂಬತ್ತು ಜಾಗಕ್ಕೆ ಸುಣ್ಣದ ಗುರುತು ಹಾಕಿದ. ಸ್ವರ್ಣಲತಾ ಒಂದೊಂದರ ಹಿಂದೆ ಮುಂದೆ ಬಿಲ್ಲೆ ಕಟ್ಟಿ ಅಳೆದರು. ಚರಂಡಿಯದ್ದು ಸೇರಿ ನಾಲ್ಕು ಕಡೆ ಸೋರುತ್ತಿತ್ತು. ಅಗೆದಾಗ ಚರಂಡಿಯ ಕೆಳಗೆ ಸವೆದು ಕಿತ್ತುಹೋದ ಟ್ಯೂಬು, ಅದರ ಸುತ್ತ ಕಪ್ಪು ಕೆಸರು ಸಿಕ್ಕಿತು. ಲ್ಯಾಬಿನಿಂದ ಬಂದ ಕಾಗದವೂ ನೀರಿಗೆ ಹೊಲಸು ಸೇರಿದೆ ಎಂದೇ ಹೇಳಿತು. ಆ ಪೈಪನ್ನು ಚರಂಡಿಯಿಂದ ದೂರಕ್ಕೆ ಸರಿಸಿ ಹೊಸದು ಹಾಕಿದರು. ಟ್ಯಾಂಕು ತೊಳೆದು ಕ್ಲೋರಿನ್ ಬೆರೆಸಿದರು.

ಆಮೇಲೆ ಕೆಳಗಿನ ಬೀದಿಯಲ್ಲಿ ಕಾಮಾಲೆ ಕಾಣಿಸಿಕೊಳ್ಳಲಿಲ್ಲ. ರಂಗನಾಯಕ ಇವತ್ತಿಗೂ ಬೆಟ್ಟಯ್ಯನ ಜೊತೆ ಮಾತಾಡುವುದಿಲ್ಲ. ಅದಕ್ಕೆ ಬೆಟ್ಟಯ್ಯ ಯಾರನ್ನೂ ದೂರುವುದಿಲ್ಲ. ನೀರು ಬಿಟ್ಟ ದಿನ ಕೆಳಗಿನ ಬೀದಿಯ ಕೊನೆಯ ತನಕ ನಡೆದುಹೋಗಿ ಕೇಳುತ್ತಾನೆ, "ನೀರು ಎಂಗೆ ಬತ್ತಾ ಅದವ್ವ?"

ಚಾಮುಂಡಿ ಲೋಟದಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, "ತಿಳಿಯಾಗಿ ಬತ್ತಾ ಅದೆ," ಎನ್ನುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಲ್ಲಿಯ ನೀರು ಇದ್ದಕ್ಕಿದ್ದಂತೆ ಕಮ್ಮಿಯಾದರೆ, ವಾಸನೆ ಬಂದರೆ, ಬಣ್ಣ ಕೆಟ್ಟರೆ ಅಂದೇ ಪಂಚಾಯ್ತಿಗೆ ತಿಳಿಸಿ. ಪೈಪು ಕೊಯ್ದು ನೋಡಲು ಯಾರನ್ನೂ ಬಿಡಬೇಡಿ. ಕೊಯ್ಯದೆ ಹೊರಗಿನಿಂದಲೇ ಅಳೆಯುವ ಯಂತ್ರ ಇದೆ, ಅದನ್ನು ತರಿಸಿ ಎಂದು ಕೇಳಿ. ಸರಿಯಾಗುವ ತನಕ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಬಸುರಿಯರಿಗೂ ಮಕ್ಕಳಿಗೂ ಕುದಿಸದ ನೀರು ಕೊಡಲೇಬೇಡಿ. ನಿಮ್ಮೂರಲ್ಲಿ ಹಿಂದೆ ಪೈಪು ಕೊಯ್ದು ಸುತ್ತಿದವರು ಯಾರಾದರೂ ಇದ್ದರೆ ಇವತ್ತೇ ಬಂದು ಹೇಳಲಿ. ಹೇಳಲು ಬಂದವರನ್ನು ಹೊಡೆಯಲು ಹೋಗಬೇಡಿ. ಇನ್ನೂ ಎಷ್ಟು ಕಡೆ ಎಂದು ಕೇಳಿ, ಜೊತೆಗೆ ಹೋಗಿ ಜಾಗ ನೋಡಿ.